ಸೋನಿ ಆಲ್ಫಾ 6400 ಮತ್ತು ಎರಡು ಲೆನ್ಸ್: ಸುತ್ತಾಟಕ್ಕೆಂದು ಕೊಂಡ ಹಗುರ ಕ್ಯಾಮೆರಾದ ದೀರ್ಘಕಾಲದ ಬಳಕೆ

ಸೋನಿ ಆಲ್ಫಾ 6400 ಕ್ಯಾಮೆರಾ, ಅದಕ್ಕೆ ಹೊಂದುವ ಸಿಗ್ಮಾ 18–50 ಮಿ.ಮೀ. ಎಫ್/2.8 ಲೆನ್ಸ್ ಹಾಗೂ ಸೋನಿಯದೇ ಆದ 70–350 ಮಿ.ಮೀ. ಎಫ್/4.5–6.3 ಲೆನ್ಸ್, ಈ ಮೂರನ್ನೂ ಒಂದೇ ಜೋಡಣೆ ಎಂದು ಭಾವಿಸಿ ಬರೆದ ವಿಮರ್ಶೆ ಇದು. ಮೈಸೂರಿನಲ್ಲಿ ನೆಲೆಸಿ, ರಜೆ ಸಿಕ್ಕಾಗಲೆಲ್ಲ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೇಲುಕೋಟೆ, ಕುಂತಿಬೆಟ್ಟಗಳಿಗೆ ಬೈಕಿನಲ್ಲೋ ಬಸ್ಸಿನಲ್ಲೋ ಹೋಗಿಬರುವ, ಆಗೊಮ್ಮೆ ಈಗೊಮ್ಮೆ ಕೊಡಗಿನ ಬೆಟ್ಟಗಳನ್ನು ಹತ್ತುವ ಹವ್ಯಾಸಿಯ ಅನುಭವ ಇಲ್ಲಿದೆ. ಮದುವೆ ಚಿತ್ರೀಕರಣವನ್ನು ವೃತ್ತಿಯಾಗಿಸಿಕೊಂಡವರಿಗೆ ನನ್ನ ಲೆಕ್ಕಾಚಾರ ಹೊಂದುವುದಿಲ್ಲ. ಇದಕ್ಕೆ ಮೊದಲು ನನ್ನ ಬಳಿ ಇದ್ದದ್ದು ನಿಕಾನ್ ಡಿ7200 ಮತ್ತು 200–500 ಮಿ.ಮೀ. ಎಫ್/5.6 ಲೆನ್ಸ್. ನಮ್ಮ ಕಡೆ ಹಕ್ಕಿಗಳ ಚಿತ್ರ ತೆಗೆಯುವವರ ಕೈಯಲ್ಲಿ ಈ ಲೆನ್ಸನ್ನು ನೋಡದವರು ವಿರಳ.

ಹಗುರವಾದ ಕ್ಯಾಮೆರಾ ಬೇಕೆಂದು ಅಂಗಡಿಗೆ ಹೋದವರು ಮೊದಲು ಕೈಗೆತ್ತಿಕೊಳ್ಳುವುದು ಕ್ಯಾಮೆರಾ ಬಾಡಿಯನ್ನು. ಹೊರೆ ಇರುವುದು ಅಲ್ಲಿ ಅಲ್ಲ ಎಂಬುದೇ ಇಷ್ಟು ಕಾಲದ ಬಳಕೆಯ ನಂತರ ನಾನು ಖಚಿತವಾಗಿ ಹೇಳಬಲ್ಲ ಸಂಗತಿ. ಆಲ್ಫಾ 6400 ಬ್ಯಾಟರಿ ಮತ್ತು ಕಾರ್ಡ್ ಸೇರಿ 403 ಗ್ರಾಂ ತೂಗುತ್ತದೆ, ಡಿ7200 ಅದೇ ಲೆಕ್ಕದಲ್ಲಿ 765 ಗ್ರಾಂ. ಉಳಿತಾಯ 362 ಗ್ರಾಂ. ಆದರೆ 200–500 ಲೆನ್ಸಿನ ತೂಕ 2,300 ಗ್ರಾಂ, 70–350ರದು 625 ಗ್ರಾಂ. ಇಲ್ಲಿನ ಉಳಿತಾಯ 1,675 ಗ್ರಾಂ. ಇದಕ್ಕೆ ಕಾರಣ ಸರಳವಾದ ಗಣಿತ: ಲೆನ್ಸಿನ ನಾಭಿದೂರವನ್ನು (ಹೆಸರಿನಲ್ಲಿ ಮಿ.ಮೀ. ಎಂದು ಬರುವ ಅಂಕಿ) ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರಲು ಬೇಕಾದ ಕಿಂಡಿಯ ವ್ಯಾಸ ಸಿಗುತ್ತದೆ. 500ನ್ನು 5.6ರಿಂದ ಭಾಗಿಸಿದರೆ ಸುಮಾರು 89 ಮಿ.ಮೀ., 350ನ್ನು 6.3ರಿಂದ ಭಾಗಿಸಿದರೆ ಸುಮಾರು 56 ಮಿ.ಮೀ. ಮುಂದಿನ ಗಾಜು ಈ ಅಳತೆಗಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ. ವ್ಯಾಸ ಹಿಗ್ಗಿದಂತೆ ಗಾಜು ದಪ್ಪವೂ ಆಗಬೇಕಾದ್ದರಿಂದ ತೂಕ ವ್ಯಾಸಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಯಾವ ಕಂಪನಿಯೂ ಈ ನಿಯಮವನ್ನು ತಪ್ಪಿಸಿಕೊಳ್ಳಲಾರದು. ಸೋನಿಯದೇ ಆದ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಆಲ್ಫಾ 7ಸಿ ಕೇವಲ 509 ಗ್ರಾಂ ಇದೆ; ಆದರೆ ಅದಕ್ಕೆ ಹಕ್ಕಿಗಳಿಗೆಂದು 200–600 ಮಿ.ಮೀ. ಲೆನ್ಸ್ ಜೋಡಿಸಿದರೆ ಲೆನ್ಸೊಂದೇ ಎರಡು ಕಿಲೋ ದಾಟುತ್ತದೆ. ಚಿಕ್ಕ ಬಾಡಿಯನ್ನು ನೋಡಿ ಮರುಳಾಗುವವರು ಈ ಅಂಕಿಯನ್ನು ಮೊದಲು ಗಮನಿಸಬೇಕು.

285 ಗ್ರಾಂನ ಸಿಗ್ಮಾ ಲೆನ್ಸನ್ನೂ ಸೇರಿಸಿದರೆ ನನ್ನ ಮೂರೂ ವಸ್ತುಗಳ ಒಟ್ಟು ತೂಕ 1,313 ಗ್ರಾಂ. ಹಳೆಯ ಜೋಡಣೆ ಅಗಲ ಕೋನದ ಲೆನ್ಸ್ ಇಲ್ಲದೆಯೇ ಮೂರು ಕಿಲೋ ದಾಟುತ್ತಿತ್ತು. ಈ ವ್ಯತ್ಯಾಸ ಬೆನ್ನಿಗೆ ತಿಳಿಯುವುದು ನಿಜವಾದರೂ, ಅದಕ್ಕಿಂತ ಮುಖ್ಯವಾದ ಪರಿಣಾಮ ಬೇರೆಯದು: ಕ್ಯಾಮೆರಾ ಈಗ ಚೀಲದೊಳಗಿಲ್ಲ, ಹೆಗಲ ಮೇಲಿದೆ. ಕುಂತಿಬೆಟ್ಟದಲ್ಲಿ ಬಂಡೆಯ ಮೇಲೆ ಎರಡೂ ಕೈಯೂರಿ ಏರಬೇಕಾದ ಕಡೆ, ಪಟ್ಟಿಯನ್ನು ಓರೆಯಾಗಿ ಹಾಕಿ ಬಿಗಿಗೊಳಿಸಿದರೆ ಕ್ಯಾಮೆರಾ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ಮೇಲುಕೋಟೆಯ ಯೋಗನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲುಗಳಲ್ಲಿ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳ ಹಾದಿಯಲ್ಲಿ, ಅಷ್ಟೇಕೆ 1,748 ಮೀಟರ್ ಎತ್ತರದ ತಡಿಯಂಡಮೋಳಿನ ಕೊನೆಯ ಕಡಿದಾದ ಏರಿನಲ್ಲೂ, ನಿಂತು ಚೀಲ ಇಳಿಸಿ ಜಿಪ್ ತೆಗೆಯುವ ಉಸಾಬರಿ ಇಲ್ಲದ ಕಾರಣ ತೆಗೆದ ಚಿತ್ರಗಳೇ ನನ್ನ ಸಂಗ್ರಹದಲ್ಲಿ ಹೆಚ್ಚಿವೆ.

ಇನ್ನು ಹಕ್ಕಿಗಳ ವಿಷಯ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ, ಮನೆಗಳ ಹೆಂಚಿನ ಮೇಲೆ ಹರಡಿದ ಕೊಂಬೆಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ 350 ಮಿ.ಮೀ. ಸಾಕಾಗುವುದಷ್ಟೇ ಅಲ್ಲ, ಎಷ್ಟೋ ಸಲ ಹೆಚ್ಚೇ ಆಗುತ್ತದೆ. ಗೂಡು, ಮರ, ಕೆಳಗಿನ ಅಂಗಳ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತರಲು 70 ಮಿ.ಮೀ. ತುದಿಯನ್ನು ಬಳಸಿದ್ದೇನೆ, 200ರಿಂದ ಆರಂಭವಾಗುವ ಲೆನ್ಸಿನಲ್ಲಿ ಅದು ಸಾಧ್ಯವಿರಲಿಲ್ಲ. ಜನರ ಅಂಗಳದಲ್ಲಿ ನಿಂತು ದೊಡ್ಡ ಲೆನ್ಸನ್ನು ಎತ್ತಿ ಹಿಡಿಯುವ ಮುಜುಗರವೂ ತಪ್ಪಿದೆ.

ರಂಗನತಿಟ್ಟಿನ ಮಾತೇ ಬೇರೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ನಡುಗಡ್ಡೆಗಳ ಬಳಿಗೆ ಹುಟ್ಟು ಹಾಕುವ ದೋಣಿಯಲ್ಲಿ ಹೋಗುತ್ತೇವೆ. ದೋಣಿ ಅಲುಗುತ್ತಿರುವಾಗ ಎರಡು ಕಿಲೋ ಮೀರಿದ ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದಿರುವುದು ತ್ರಾಸದಾಯಕ. ಆ ಮಟ್ಟಿಗೆ 70–350 ಆರಾಮದಾಯಕ. ಆದರೆ ಬಂಡೆಯಂಚಿನ ರೀವ ಹಕ್ಕಿಯೋ ದೂರದ ಕೊಂಬೆಯ ಮಿಂಚುಳ್ಳಿಯೋ ಬೇಕೆಂದರೆ ಹಳೆಯ ಲೆನ್ಸಿನ ನೆನಪಾಗದೇ ಇರದು. ಎರಡೂ ಕ್ಯಾಮೆರಾಗಳ ಸೆನ್ಸರ್ ಎಪಿಎಸ್-ಸಿ ಅಳತೆಯವೇ (ಫುಲ್ ಫ್ರೇಮ್‌ಗಿಂತ ಚಿಕ್ಕವು) ಆದ್ದರಿಂದ ಫುಲ್ ಫ್ರೇಮ್ ಲೆಕ್ಕಕ್ಕೆ ಪರಿವರ್ತಿಸಿದರೆ ಹಿಂದೆ 750 ಮಿ.ಮೀ. ವ್ಯಾಪ್ತಿ ಇತ್ತು, ಈಗ 525. ಈ ಕೊರತೆಯನ್ನು ಚಿತ್ರ ಕತ್ತರಿಸಿ ತುಂಬಿಕೊಳ್ಳಬಹುದು, ಸ್ವಲ್ಪ ಮಟ್ಟಿಗೆ. ಮೋಡ ಕವಿದ ದಿನ ಹಾರುವ ಹಕ್ಕಿಗೆಂದು 1/2000 ಸೆಕೆಂಡಿನ ಶಟರ್ ವೇಗ ಇಟ್ಟುಕೊಂಡರೆ, ಎಫ್/6.3ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ) 3200ರ ಆಸುಪಾಸಿಗೆ ಹೋಗಬೇಕಾಗುತ್ತದೆ. ಅಂಥ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದಾಗ ರೆಕ್ಕೆಯ ಗರಿಗಳಲ್ಲಿ ಕಾಳುಕಾಳಾದ ಚುಕ್ಕೆಗಳು (ನಾಯ್ಸ್) ಕಾಣುತ್ತವೆ. ಲೆನ್ಸಿನಲ್ಲಿರುವ ಅಲುಗಾಟ ನಿರೋಧಕ ನನ್ನ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ರೆಕ್ಕೆಬಡಿತವನ್ನಲ್ಲ. ಹಕ್ಕಿಯೊಂದೇ ನಿಮ್ಮ ಗುರಿಯಾಗಿದ್ದರೆ ಭಾರವಾದ ಲೆನ್ಸನ್ನು ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ.

ಫೋಕಸ್ ಬಗ್ಗೆ ಒಂದು ಸ್ಪಷ್ಟನೆ ಬೇಕು. 2019ರ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಆವೃತ್ತಿ 2.00ರಲ್ಲಿ ಈ ಕ್ಯಾಮೆರಾಕ್ಕೆ ಪ್ರಾಣಿಗಳ ಕಣ್ಣನ್ನು ಹಿಡಿಯುವ ಸೌಲಭ್ಯ ಬಂತು. ಅದು ನಾಯಿ, ಬೆಕ್ಕುಗಳಂಥ ಪ್ರಾಣಿಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಕ್ಕಿಗಳಿಗೆಂದು ರೂಪಿಸಿದ್ದಲ್ಲ. ಹಕ್ಕಿಯ ಮೇಲೆ ಚೌಕವನ್ನು ಇಟ್ಟು ಹಿಂಬಾಲಿಸಲು ಬಿಟ್ಟರೆ ತೆರೆದ ಆಕಾಶದ ಹಿನ್ನೆಲೆಯಲ್ಲಿ ಅದು ಕೈಬಿಡುವುದು ಕಡಿಮೆ. ಎಲೆ ಕೊಂಬೆಗಳ ನಡುವೆ ಆಗಾಗ ದಾರಿ ತಪ್ಪುತ್ತದೆ.

ಸಿಗ್ಮಾ ಲೆನ್ಸಿನ ಬೆಲೆ ನನಗೆ ಅರ್ಥವಾದದ್ದು ಮಂಡ್ಯ ಕಡೆಯ ಆಲೆಮನೆಗಳಲ್ಲಿ. ಒಳಗೆ ಬೆಳಕು ಕಡಿಮೆ, ಕೊಪ್ಪರಿಗೆಯಿಂದ ಏಳುವ ಹಬೆ ಸೂರಿನವರೆಗೂ ತುಂಬಿರುತ್ತದೆ, ಒಲೆಗೆ ಒಣ ಕಬ್ಬಿನ ಸಿಪ್ಪೆ ನೂಕುವವರ ಮುಖದ ಮೇಲೆ ಮಾತ್ರ ಬೆಂಕಿಯ ಹೊಳಪಿರುತ್ತದೆ. ಎಫ್/2.8 ದ್ವಾರ ಎಫ್/6.3ಕ್ಕಿಂತ ಐದು ಪಟ್ಟು ಬೆಳಕನ್ನು ಒಳಗೆ ಬಿಡುವುದರಿಂದ ಪಾಕವನ್ನು ಅಚ್ಚಿಗೆ ಸುರಿಯುವ ಕೈಗಳನ್ನು ಫ್ಲ್ಯಾಶ್ ಇಲ್ಲದೆಯೇ ಹಿಡಿಯಬಹುದು. ಫ್ಲ್ಯಾಶ್ ಹಾಕಿದರೆ ಹಬೆಯೆಲ್ಲ ಬಿಳಿಯ ಗೋಡೆಯಂತಾಗಿ ಹಿಂದಿನದೇನೂ ಕಾಣುವುದಿಲ್ಲ. 18 ಮಿ.ಮೀ. ತುದಿಯಲ್ಲಿ ಸುಮಾರು 12 ಸೆಂ.ಮೀ.ವರೆಗೂ ಹತ್ತಿರದಿಂದ ಫೋಕಸ್ ಆಗುವುದು ಇನ್ನೊಂದು ಅನುಕೂಲ. ಈ ಲೆನ್ಸಿನಲ್ಲಾಗಲಿ ಬಾಡಿಯಲ್ಲಾಗಲಿ ಅಲುಗಾಟ ನಿರೋಧಕ ಇಲ್ಲ ಎಂಬುದು ದೊಡ್ಡ ಕೊರತೆ. ಭಾನುವಾರ ಸಂಜೆ ಅರಮನೆಯ ದೀಪಾಲಂಕಾರದ ಎದುರು ಕೈಯಲ್ಲೇ ಹಿಡಿದು ತೆಗೆಯಬಹುದು, ದೀಪಗಳು ಪ್ರಖರವಾಗಿವೆ. ಬೆಳಗಿನ ಜಾವ ಮೇಲುಕೋಟೆಯ ಕಲ್ಯಾಣಿಯಲ್ಲಿ ಟ್ರೈಪಾಡ್ ಇಲ್ಲದೆ ಆಗದು. ನಡೆಯುತ್ತ ವಿಡಿಯೊ ತೆಗೆಯುವ ಆಸೆ ಇದ್ದವರು ಈ ಜೋಡಣೆಯನ್ನು ಮರೆತುಬಿಡುವುದು ಒಳ್ಳೆಯದು. 50ರಿಂದ 70 ಮಿ.ಮೀ. ನಡುವಿನ ಖಾಲಿ ಜಾಗ ನನ್ನನ್ನು ಎಂದೂ ಕಾಡಿಲ್ಲ.

ಬ್ಯಾಟರಿ ಈ ಕ್ಯಾಮೆರಾದ ದುರ್ಬಲ ಅಂಗ. ಪರದೆ ಬಳಸಿದರೆ ಒಂದು ಬಾರಿಯ ಚಾರ್ಜಿಗೆ ಸುಮಾರು 410 ಚಿತ್ರಗಳು ಎಂಬುದು ಕಂಪನಿಯೇ ಕೊಡುವ ಅಂದಾಜು. ಡಿ7200ರ ಅಂದಾಜು 1,110. ಆದ್ದರಿಂದ ಹಗುರವಾದ ಕ್ಯಾಮೆರಾ ಕೊಂಡವರು ಹೆಚ್ಚುವರಿ ಬ್ಯಾಟರಿಗಳ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಪವರ್ ಬ್ಯಾಂಕಿನಿಂದ ನೇರವಾಗಿ ಚಾರ್ಜ್ ಮಾಡಬಹುದಾದರೂ ಕಿಂಡಿ ಹಳೆಯ ಮೈಕ್ರೊ ಯುಎಸ್‌ಬಿ ಮಾದರಿಯದು. ಮೊಬೈಲಿನ ಕೇಬಲ್ ಹೊಂದುವುದಿಲ್ಲ, ಬೇರೆಯೇ ಒಯ್ಯಬೇಕು. ಅಗ್ಗದ ಬ್ಯಾಟರಿಯೊಂದು ಉಬ್ಬಿ ಕಿಂಡಿಯಿಂದ ಹೊರಬರಲು ಹಟಮಾಡಿದ ಮೇಲೆ ಮೂಲ ಕಂಪನಿಯದನ್ನೇ ಬಳಸುತ್ತಿದ್ದೇನೆ.

ಧೂಳು ಮತ್ತು ತೇವದ ಬಗ್ಗೆ ಎಚ್ಚರ ಬೇಕು. ಕನ್ನಡಿ ಇಲ್ಲದ ಈ ಕ್ಯಾಮೆರಾದಲ್ಲಿ ಲೆನ್ಸ್ ತೆಗೆದೊಡನೆ ಸೆನ್ಸರ್ ಬಯಲಿಗೆ ಬರುತ್ತದೆ. ಕಬ್ಬಿನ ಗಾಡಿಗಳು ಓಡಾಡುವ ರಸ್ತೆಯ ಬದಿಯಲ್ಲೋ ಬೂದಿ ಹಾರುವ ಆಲೆಮನೆಯಲ್ಲೋ ಲೆನ್ಸ್ ಬದಲಿಸುವುದು ಸಲ್ಲದು. ಯಾವ ಲೆನ್ಸ್ ಬೇಕೆಂದು ಹೊರಗೇ ನಿರ್ಧರಿಸಿ ಹಾಕಿಕೊಂಡು ಒಳಗೆ ಹೋಗುವ ರೂಢಿ ನನ್ನದು. ಗಗನಚುಕ್ಕಿ ಜಲಪಾತದ ಸಿಂಚನಕ್ಕೆ 70–350 ಅಂಜಬೇಕಿಲ್ಲ, ಅದಕ್ಕೆ ಧೂಳು ಮತ್ತು ತೇವ ತಡೆಯುವ ರಚನೆ ಇದೆ. ಸಿಗ್ಮಾದಲ್ಲಿ ಕ್ಯಾಮೆರಾಕ್ಕೆ ಕೂಡುವ ಅಂಚಿಗೆ ಮಾತ್ರ ರಬ್ಬರ್ ಇರುವುದರಿಂದ ಮಳೆಯಲ್ಲಿ ಅದನ್ನು ಪ್ಲಾಸ್ಟಿಕ್ ಹೊದಿಸಿಯೇ ಬಳಸುತ್ತೇನೆ. ಕೊಡಗಿನ ಮಳೆಯಿಂದ ಬಂದ ಮೇಲೆ ಚೀಲವನ್ನು ಹಾಗೆಯೇ ಅಟ್ಟದ ಮೇಲಿಟ್ಟರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಚಿಕ್ಕ ತೇವಾಂಶ ಮಾಪಕದಲ್ಲಿ ಶೇ 40ರಿಂದ 50ರ ಮಟ್ಟ ಕಾಯ್ದುಕೊಂಡರೆ ಸಾಕು, ದುಬಾರಿ ಪೆಟ್ಟಿಗೆ ಅನಿವಾರ್ಯವಲ್ಲ.

ಟ್ರೈಪಾಡನ್ನು ನಾನು ಮೇಲುಕೋಟೆಗೆ ಒಯ್ಯುತ್ತೇನೆ, ಬೆಟ್ಟಗಳಿಗೆ ಒಯ್ಯುವುದಿಲ್ಲ. ಅದರ ಬದಲು ಮನೆಯಲ್ಲೇ ಹೊಲಿಸಿದ ಖಾಲಿ ಬಟ್ಟೆಚೀಲವೊಂದನ್ನು ಮಡಚಿಟ್ಟುಕೊಂಡು, ದಾರಿಯ ಅಂಗಡಿಯಲ್ಲಿ ಒಂದು ಕಿಲೋ ರಾಗಿ ಕೊಂಡು ತುಂಬಿದರೆ ಬಂಡೆಯ ಮೇಲೋ ಜೀಪಿನ ಕಂಬಿಯ ಮೇಲೋ ಲೆನ್ಸ್ ಊರಲು ಮೆತ್ತೆ ಸಿದ್ಧವಾಗುತ್ತದೆ. ಮರಳಿ ಬಂದ ಮೇಲೆ ರಾಗಿ ಹಿಟ್ಟಿನ ಗಿರಣಿಗೆ ಹೋಗುತ್ತದೆ.

ಈಗ ಹೊಸದಾಗಿ ಕೊಳ್ಳುವವರ ಎದುರು 2023ರಲ್ಲಿ ಬಂದ ಆಲ್ಫಾ 6700 ಇದೆ. ಅದು 493 ಗ್ರಾಂ ತೂಗುತ್ತದೆ, ಎಂದರೆ 90 ಗ್ರಾಂ ಮಾತ್ರ ಹೆಚ್ಚು. ಅಷ್ಟಕ್ಕೆ ಬಾಡಿಯೊಳಗಿನ ಅಲುಗಾಟ ನಿರೋಧಕ, ಹಕ್ಕಿಗಳನ್ನು ಗುರುತಿಸುವ ಫೋಕಸ್, ದೊಡ್ಡ ಬ್ಯಾಟರಿ ಮತ್ತು ಸಿ ಮಾದರಿಯ ಯುಎಸ್‌ಬಿ ಸಿಗುತ್ತವೆ. ನಾನು ಮೇಲೆ ಹೇಳಿದ ಬಹುಪಾಲು ಕೊರತೆಗಳಿಗೆ ಅದರಲ್ಲಿ ಉತ್ತರವಿದೆ, ಎಫ್/6.3ರ ಮಿತಿಯೊಂದನ್ನು ಬಿಟ್ಟು. ಹಣ ಅಷ್ಟು ಸಾಲದವರು ಬಳಸಿದ 6400 ಬಾಡಿಯನ್ನು ಕೊಂಡು, ಉಳಿದ ಹಣವನ್ನು ಈ ಎರಡು ಲೆನ್ಸ್‌ಗಳಿಗೆ ಹಾಕಬಹುದು. ಮುಂದೆ ಬಾಡಿ ಬದಲಿಸಿದರೂ ಲೆನ್ಸ್‌ಗಳು ಹಾಗೆಯೇ ಹೊಂದುತ್ತವೆ. ನಾನು ಸದ್ಯಕ್ಕೆ ಬದಲಿಸುವ ಯೋಚನೆಯಲ್ಲಿಲ್ಲ, ಮುಂದಿನ ಗೂಡಿನ ಕಾಲಕ್ಕೆ ಇನ್ನೊಂದು ಬ್ಯಾಟರಿಯನ್ನಷ್ಟೇ ಕೊಳ್ಳಲಿದ್ದೇನೆ.