ಹೊತ್ತು ಹೇಳುವ ಹಳ್ಳಿ ಇಂಗ್ಲಿಷಿಗೆ ಒಂದು ನಿಘಂಟು

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಕೂಲಿಯವನು ‘ವೈಲ್ ಟೆನ್’ ಎಂದರೆ ಹತ್ತು ಗಂಟೆಯ ತನಕ ಎಂದರ್ಥ. ಶಾಲೆಯ ಇಂಗ್ಲಿಷನ್ನಷ್ಟೇ ನಂಬಿದ ಅನುವಾದಕ ಅದನ್ನು ‘ಹತ್ತಾಗಿರುವಾಗ’ ಎಂದುಕೊಂಡರೆ ಇಡೀ ಪುಟದ ಹೊತ್ತೇ ತಪ್ಪಿಹೋಗುತ್ತದೆ.

ತೀರ್ಥಹಳ್ಳಿಯಲ್ಲಿ ಕುಳಿತು ಇಂಗ್ಲೆಂಡಿನ ಹಳ್ಳಿಗಾಡಿನ ಕತೆಗಳನ್ನು ಕನ್ನಡಕ್ಕೆ ತರುವ ನನಗೆ ಇಂಥ ಕಡೆ ಆಸರೆಯಾಗುವುದು ಜೋಸೆಫ್ ರೈಟ್ ಸಂಪಾದಿಸಿದ ‘ಇಂಗ್ಲಿಷ್ ಡಯಲೆಕ್ಟ್ ಡಿಕ್ಷನರಿ’. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಬಂದ ಇದನ್ನು ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಹುಡುಕಲು ಬರುವಂತೆ ಮಾಡಿದೆ. ಹಣ ಕೊಡಬೇಕಾಗಿಲ್ಲ.

ಇದರ ದೊಡ್ಡ ಗುಣ, ಪದದ ಪಕ್ಕದಲ್ಲೇ ಅದರ ಊರು ಇರುವುದು. ಸಾಮಾನ್ಯ ನಿಘಂಟುಗಳು ಮುಸ್ಸಂಜೆಯ ಪದಗಳಿಗೆಲ್ಲ ‘ಸಂಧ್ಯಾಕಾಲ’ ಎಂದು ಬರೆದು ಮುಗಿಸುತ್ತವೆ. ಇಲ್ಲಿ ‘ಡಿಂಪ್ಸಿ’ ನೈಋತ್ಯ ಇಂಗ್ಲೆಂಡಿನ ಡೆವನ್ ಮತ್ತು ಸಾಮರ್‌ಸೆಟ್ ಕಡೆಯದು, ‘ಡಿಮೆಟ್’ ಡೆವನ್ನಿನದು, ‘ಗ್ಲೋಮಿಂಗ್’ ಸ್ಕಾಟ್ಲೆಂಡಿನ ಸುತ್ತಿನದು ಎಂದು ತಿಳಿಯುತ್ತದೆ. ಊರು ಗೊತ್ತಾದರೆ ಕನ್ನಡದ ಆಯ್ಕೆಯೂ ಬದಲಾಗುತ್ತದೆ. ‘ಗೋಧೂಳಿ’ ಒಣ ಬಯಲಿನ ಮಾತು. ಡೆವನ್ನಿನ ತೇವಕ್ಕೂ ನಮ್ಮ ಆಷಾಢಕ್ಕೂ ಹೊಂದುವುದಿಲ್ಲ. ‘ಡಿಂಪ್ಸಿ’ಗೆ ನಾನು ‘ಬೈಗುಗಪ್ಪು’ ಎಂದು ಬರೆಯುತ್ತೇನೆ, ಅದನ್ನು ಯಾವ ಸಂಪಾದಕರು ತಿದ್ದಿದರೂ ಒಪ್ಪುವುದಿಲ್ಲ. ಉತ್ತರ ಇಂಗ್ಲೆಂಡಿನವರು ಶರತ್ಕಾಲಕ್ಕೆ ಹೇಳುವ ‘ಬ್ಯಾಕ್‌ಎಂಡ್’ ಇನ್ನೂ ಕಷ್ಟದ್ದು. ‘ಹಿಂಗಾರು’ ಎಂದರೆ ತಿಂಗಳುಗಳು ಹೊಂದುತ್ತವೆ, ಆದರೆ ನಮ್ಮ ಮಳೆಯೂ ಜೊತೆಗೆ ನುಗ್ಗುತ್ತದೆ. ‘ವರ್ಷದ ಇಳಿಗಾಲ’ ಎಂಬಲ್ಲಿಗೆ ನಿಂತಿದ್ದೇನೆ.

‘ಸೆನ್‌ನೈಟ್’ ಏಳು ರಾತ್ರಿ, ‘ಫೋರ್ಟ್‌ನೈಟ್’ ಹದಿನಾಲ್ಕು. ಆರಿದ್ರಾ ಹಿಡಿದು ಪುನರ್ವಸು ಬರುವವರೆಗೆ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದಿನ. ಅಡಿಕೆಗೆ ಔಷಧಿ ಹೊಡೆಯುವ ಮಾತು ಬಂದಾಗ ತೋಟದವರು ಈಗಲೂ ತಾರೀಖಿಗಿಂತ ಮೊದಲು ಮಳೆ ನಕ್ಷತ್ರವನ್ನೇ ಕೇಳುತ್ತಾರೆ.

ಅರ್ಥದ ಕೆಳಗಿನ ಉದಾಹರಣೆಗಳನ್ನು ಬಿಡದೆ ಓದಿ. 1855ರಲ್ಲಿ ಹುಟ್ಟಿದ ರೈಟ್ ಆರನೆಯ ವಯಸ್ಸಿಗೇ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದವರು, ಆಮೇಲೆ ಗಿರಣಿ ಸೇರಿದವರು. ಹದಿನೈದು ತುಂಬುವವರೆಗೆ ಓದು ಬರಹ ಇರಲಿಲ್ಲ. ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಕೂಲಿಯವರ, ಒಕ್ಕಲಿನವರ ಮಾತನ್ನು ಕೆಟ್ಟ ಇಂಗ್ಲಿಷ್ ಎಂದು ಕಾಣದೆ ಊರ ಹೆಸರಿನ ಸಮೇತ ದಾಖಲಿಸಿದ ಈ ಗೌರವ ನನಗೆ ಬಹಳ ಮುಖ್ಯ. ನಮ್ಮ ಸಾಗರ, ಹೊಸನಗರ, ಕೊಪ್ಪದ ಮಾತಿಗೂ ಹೀಗೆ ಊರೂರು ಹಿಡಿದ ನಿಘಂಟು ಬೇಕೆಂದು ಆಸೆಯಾಗುತ್ತದೆ.

ತೊಡಕುಗಳೂ ಇವೆ. ಕೌಂಟಿಗಳ, ಎಂದರೆ ಅಲ್ಲಿನ ಜಿಲ್ಲೆಗಳ, ಹೆಸರೆಲ್ಲ ಮೊಟಕು: ‘ಡೆವ್’, ‘ಸಾಮ್’ ಊಹಿಸಬಹುದು, ಉಳಿದವಕ್ಕೆ ಪಟ್ಟಿ ತೆರೆದಿಟ್ಟುಕೊಳ್ಳಬೇಕು. ಸಣ್ಣ ಅಕ್ಷರದ ಒತ್ತೊತ್ತಾದ ನಮೂದುಗಳನ್ನು ಮೊಬೈಲಿನಲ್ಲಿ ಓದುವುದು ಕಣ್ಣಿಗೆ ಶಿಕ್ಷೆ, ಕಂಪ್ಯೂಟರ್ ಬೇಕು. ಇಲ್ಲಿರುವುದು ಹೆಚ್ಚಾಗಿ 18 ಮತ್ತು 19ನೆಯ ಶತಮಾನದ ಬಳಕೆ. ಇಂದಿನ ಹಳ್ಳಿಗರ ಮಾತಿಗೆ ಇದನ್ನೇ ನೆಚ್ಚಬೇಡಿ.

ಮಳೆಗಾಲದಲ್ಲಿ ದಿನಗಟ್ಟಲೆ ಇಂಟರ್ನೆಟ್ ಇಲ್ಲದಿರುವ ನಮ್ಮಂಥವರು ಅಂತರ್ಜಾಲದ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನಿಂದ ಮುದ್ರಿತ ಸಂಪುಟಗಳ ಸ್ಕ್ಯಾನ್ ಪ್ರತಿಗಳನ್ನು ಮೇ ತಿಂಗಳಲ್ಲೇ ಇಳಿಸಿಕೊಳ್ಳುವುದು ಒಳ್ಳೆಯದು. ಆರನೆಯದರಿಂದ ತೊಡಗಿ: ‘ವೈಲ್’ ಅದರಲ್ಲಿದೆ, ಉಪಭಾಷೆಗಳ ವ್ಯಾಕರಣವೂ ಅದರಲ್ಲೇ ಇದೆ.