ಮಲೆನಾಡಿನ ಅಂಗಳಕ್ಕೆ ಸುಲ್ಕಾಟಾ ಆಮೆಯನ್ನು ತರುವ ಮುನ್ನ

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಗೆ ನನ್ನ ತಮ್ಮ ಕೆಲವು ವರ್ಷಗಳ ಹಿಂದೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ನೆಲದಾಮೆಯೊಂದನ್ನು ತಂದನು. ಅದು ಲೆಪರ್ಡ್ ಆಮೆಯ ಮರಿ, ಒಂದಡಿಗಿಂತ ಹೆಚ್ಚು ಬೆಳೆಯುವುದಿಲ್ಲ, ಅಂಗಳದಲ್ಲಿ ಬಿಟ್ಟರೆ ಹುಲ್ಲು ಮೇಯ್ದುಕೊಂಡು ಇರುತ್ತದೆ ಎಂದು ಮಾರಿದವರು ಅವನಿಗೆ ಹೇಳಿದ್ದರು. ಅದರಲ್ಲಿ ಹುಲ್ಲು ಮೇಯುತ್ತದೆ ಎಂಬ ಮಾತೊಂದೇ ನಿಜವಾಯಿತು. ಅದು ಆಫ್ರಿಕಾದ ಸುಲ್ಕಾಟಾ ಆಮೆ. ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದಾಮೆಗಳಲ್ಲೇ ದೊಡ್ಡದು, ನಲವತ್ತು ಐವತ್ತು ಕಿಲೋ ತೂಗುವುದು ಸಾಮಾನ್ಯ, ಸಾಕಿದವರಿಗಿಂತ ಹೆಚ್ಚು ಕಾಲ ಬದುಕಬಲ್ಲದು. ಈಗ ನಮ್ಮ ಜಿಲ್ಲೆಯಲ್ಲಿಯೂ ಇಂತಹ ಮರಿಗಳನ್ನು ಕೊಳ್ಳುವವರನ್ನು ಕಾಣುತ್ತಿರುವುದರಿಂದ ನಮಗಾದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮರಿಯಾಗಿದ್ದಾಗಲೇ ಇವೆರಡರ ವ್ಯತ್ಯಾಸವನ್ನು ಗುರುತಿಸಬಹುದು. ಲೆಪರ್ಡ್ ಆಮೆಯ ಮರಿಯ ಚಿಪ್ಪಿನ ಬಿಲ್ಲೆಗಳ ಮೇಲೆ, ಮಧ್ಯಭಾಗದಲ್ಲಿ, ಕಪ್ಪು ಚುಕ್ಕೆಗಳಿರುತ್ತವೆ; ಸುಲ್ಕಾಟಾ ಮರಿಯ ಬಿಲ್ಲೆಗಳು ಒಣಹುಲ್ಲಿನ ಬಣ್ಣದವು, ಅಂಚಿನಲ್ಲಿ ಮಾತ್ರ ಕಂದು ಪಟ್ಟಿ. ಇದಕ್ಕಿಂತ ಖಚಿತವಾದ ಗುರುತೆಂದರೆ ಹಿಂಗಾಲು. ಸುಲ್ಕಾಟಾ ಮರಿಯನ್ನು ಮೆಲ್ಲನೆ ಎತ್ತಿ ಬಾಲದ ಇಕ್ಕೆಲಗಳಲ್ಲಿ ತೊಡೆಯ ಹಿಂಭಾಗವನ್ನು ನೋಡಿದರೆ ಮುಳ್ಳಿನಂತೆ ಚೂಪಾಗಿ ಎದ್ದುನಿಂತ ಎರಡು ಮೂರು ಗಟ್ಟಿ ಹುರುಪೆಗಳು ಬೆರಳಿಗೆ ತಾಗುತ್ತವೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನಮ್ಮ ದೇಶದ ನಕ್ಷತ್ರ ಆಮೆ. ಅದನ್ನು ಕೊಳ್ಳುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ವನ್ಯಜೀವಿ ಕಾಯ್ದೆಯಡಿ ಅಪರಾಧವಾಗಿದ್ದು, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ಮುಟ್ಟಬಾರದು. ಘಟ್ಟದ ಕಾಡಿನಲ್ಲಿರುವ ಕಂದು ಬಣ್ಣದ ತಿರುವಾಂಕೂರು ಆಮೆ ತೋಟದಲ್ಲಿ ಕಣ್ಣಿಗೆ ಬಿದ್ದರೆ ಅದನ್ನು ಇದ್ದಲ್ಲಿಯೇ ಬಿಡಬೇಕು.

ವಿದೇಶಿ ಆಮೆಯಾದರೆ ಕಾನೂನಿನ ತೊಡಕಿಲ್ಲ ಎಂಬ ಮಾತನ್ನೂ ಮಾರುವವರು ಹೇಳುತ್ತಾರೆ, ಅದನ್ನು ನಂಬಬಾರದು. ಸುಲ್ಕಾಟಾ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ಅಂತಹ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿವೆ, ಮತ್ತು 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು. ನಮ್ಮ ತಮ್ಮನಿಗೆ ಸಿಕ್ಕಿದ್ದು ಬೆಲೆ ಬರೆದ ಒಂದು ಚೀಟಿ ಮಾತ್ರ. ಮೂಲದ ದಾಖಲೆ ಕೇಳಿದಾಗ ಆ ಮಾರಾಟಗಾರರು ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಆಮೆ ಬೆಳೆದಂತೆ ಅದರ ಬಲವೂ ಬೆಳೆಯಿತು. ಸುಲ್ಕಾಟಾ ಸಹಾರಾದ ದಕ್ಷಿಣದ ಅಂಚಿನಲ್ಲಿ, ಸೆನೆಗಲ್‌ನಿಂದ ಇಥಿಯೋಪಿಯಾದವರೆಗಿನ ಒಣ ನೆಲದಲ್ಲಿ ಬದುಕುವ ಪ್ರಾಣಿ. ಅಲ್ಲಿ ಬಿಸಿಲು ಮತ್ತು ಬರದಿಂದ ತಪ್ಪಿಸಿಕೊಳ್ಳಲು ಆಳವಾದ ಬಿಲ ತೋಡುತ್ತದೆ. ನಮ್ಮಲ್ಲಿಯೂ ಅದು ತೋಡಿತು. ಕಾಫಿ ಒಣಗಿಸುವ ಕಣದ ಅಂಚಿನಿಂದ ಆರಂಭಿಸಿ ಸಿಮೆಂಟಿನ ಹಾಸಿನ ಕೆಳಗೆ ಓರೆಯಾಗಿ ಹೋದ ಬಿಲ ಎಲ್ಲಿ ಮುಗಿಯುತ್ತದೆಂಬುದು ಟಾರ್ಚ್ ಬಿಟ್ಟರೂ ಕಾಣುತ್ತಿರಲಿಲ್ಲ. ಒಣ ನಾಡಿನಲ್ಲಿ ಜೀವ ಉಳಿಸುವ ಆ ಬಿಲವೇ ಪುನರ್ವಸು ಮಳೆ ಹಿಡಿದ ವಾರ ಅದಕ್ಕೆ ಮುಳುವಾಯಿತು. ಕಣದ ನೀರೆಲ್ಲ ಒಳಗೆ ಇಳಿದಿತ್ತು. ಆಳುಗಳು ಹಾರೆ ಪಿಕಾಸಿ ಹಿಡಿದು ಹಾಸನ್ನು ಒಡೆದು ಅದನ್ನು ಮೇಲೆತ್ತಿದಾಗ ಮೈಯೆಲ್ಲ ಕೆಸರು, ಚಿಪ್ಪು ತಣ್ಣಗೆ ಕೊರೆಯುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಕಾಣಿಸಿಕೊಂಡಿತು. ಉಸಿರಿಗೊಮ್ಮೆ ಕತ್ತನ್ನು ಉದ್ದಕ್ಕೆ ಚಾಚಿ ಬಾಯಿ ತೆರೆಯುತ್ತಿತ್ತು, ದಾಸವಾಳದ ಎಲೆಯನ್ನೂ ಮೂಸಲಿಲ್ಲ.

ಆಮೆಗೆ ನಮಗಿರುವಂತಹ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಇಲ್ಲದ ಕಾರಣ ಶ್ವಾಸಕೋಶದಲ್ಲಿ ಕಟ್ಟಿದ ಕಫವನ್ನು ಅದು ಕೆಮ್ಮಿ ಹೊರಹಾಕಲಾರದು. ಆದ್ದರಿಂದ ಮನುಷ್ಯರಿಗೆ ಶೀತವೆನಿಸುವುದು ಅದಕ್ಕೆ ಪ್ರಾಣಾಂತಿಕವಾಗುತ್ತದೆ. ದನ ಮತ್ತು ನಾಯಿಗಳನ್ನು ನೋಡುವ ನಮ್ಮೂರಿನ ವೈದ್ಯರು ಇದು ತಮ್ಮ ಅನುಭವಕ್ಕೆ ಮೀರಿದ್ದೆಂದು ಪ್ರಾಮಾಣಿಕವಾಗಿ ಹೇಳಿದರು. ಬೆಂಗಳೂರಿಗೆ ಒಯ್ಯಬೇಕಾಯಿತು. ದೇಹ ಬೆಚ್ಚಗಿಲ್ಲದಿದ್ದರೆ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲವೆಂದು ಅಲ್ಲಿಯ ತಜ್ಞರು ತಿಳಿಸಿದ್ದರಿಂದ ಮನೆಯ ಒಂದು ಕೋಣೆಯನ್ನೇ ಅದಕ್ಕೆ ಬಿಟ್ಟುಕೊಟ್ಟು ಹೀಟರ್ ಹಾಕಿದೆವು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಜನರೇಟರ್ ಇದ್ದುದರಿಂದ ಆ ಜೀವ ಉಳಿಯಿತು.

ಈಗಾಗಲೇ ಸಾಕುತ್ತಿರುವವರು ಮಳೆಗೆ ಮುಂಚೆಯೇ ನೆಲಮಟ್ಟದಿಂದ ಎತ್ತರಿಸಿದ, ಗಟ್ಟಿ ಹಾಸಿನ, ಬಾಗಿಲು ಮುಚ್ಚಬಹುದಾದ ಒಣ ಕೊಟ್ಟಿಗೆಯೊಂದನ್ನು ಕಟ್ಟಿಸಬೇಕು; ರಾತ್ರಿ ಒಳಗೆ ಸೇರಿಸಿ ಬೆಚ್ಚಗಿಡಬೇಕು. ಹೊರಗಿನ ಆವರಣಕ್ಕೆ ತಂತಿಬೇಲಿ ಸಾಲದು, ಏಕೆಂದರೆ ಆಚೆಗೆ ಕಾಣುವ ಕಡೆಗೆ ಅದು ತಲೆ ತೂರಿಸಿ ನೂಕುತ್ತಲೇ ಇರುತ್ತದೆ. ಕಲ್ಲು ಅಥವಾ ಇಟ್ಟಿಗೆಯ ಗೋಡೆ ಎರಡಡಿ ಎತ್ತರವಿದ್ದು, ತಳಪಾಯ ಒಂದೂವರೆ ಎರಡಡಿ ಮಣ್ಣಿನೊಳಗೆ ಇಳಿದಿರಬೇಕು. ತೋಟಕ್ಕೆ ಬೋರ್ಡೋ ದ್ರಾವಣ ಅಥವಾ ಕಳೆನಾಶಕ ಹೊಡೆದ ಜಾಗದ ಹುಲ್ಲನ್ನು ಕೊಡಬಾರದು, ಆವರಣದಲ್ಲಿ ಲಂಟಾನ ಮತ್ತು ಕಣಗಿಲೆ ಇರಬಾರದು. ಗರಿಕೆ, ಒಣಹುಲ್ಲು, ದಾಸವಾಳದ ಎಲೆ, ಪಾಪಸುಕಳ್ಳಿ ಸಾಕು. ಬಾಳೆಹಣ್ಣು, ಅನ್ನ, ನಾಯಿಯ ತಿಂಡಿ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೋಣೆಯ ಬಂದಿಯೇ ಎಂಬುದು ನಮಗೆ ಕಷ್ಟದ ಸಂಗತಿಯಾಗಿತ್ತು. ಕೊನೆಗೆ ಅದನ್ನು ಚಿತ್ರದುರ್ಗದ ಕಡೆ ಒಣ ಜಮೀನಿರುವ ಪರಿಚಿತರಿಗೆ ಒಪ್ಪಿಸಿದೆವು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನಂತಹ ಬಯಲುಸೀಮೆಯವರು ಬೇಕಾದರೆ ಯೋಚಿಸಬಹುದು, ಚಳಿಗಾಲದ ರಾತ್ರಿಗಳಿಗೆ ಅಲ್ಲಿಯೂ ಕೊಟ್ಟಿಗೆ ಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ದಯವಿಟ್ಟು ತರಬೇಡಿ.