‘ಸಿಕ್ಸ್’ ಆಲ್ಬಂ ಎರಡಿವೆ, ಲೈವ್ ಇರುವುದನ್ನೇ ಕೇಳಿ

‘ಸಿಕ್ಸ್’ ಎಂಬ ಬ್ರಿಟಿಷ್ ಮ್ಯೂಸಿಕಲ್‌ನ (ಹಾಡುಗಳಿಂದಲೇ ಕಥೆ ಹೇಳುವ ನಾಟಕ) ಹಾಡುಗಳು ಎರಡು ಆಲ್ಬಂಗಳಲ್ಲಿ ಸಿಗುತ್ತವೆ. 2018ರದ್ದು ಸ್ಟುಡಿಯೋದಲ್ಲಿ ಮಾಡಿದ್ದು. 2022ರಲ್ಲಿ ಬಂದದ್ದು ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಲೋಕವಾದ ಬ್ರಾಡ್‌ವೇಯಲ್ಲಿ, ಉದ್ಘಾಟನೆಯ ರಾತ್ರಿ ಜನರ ಮುಂದೆಯೇ ರೆಕಾರ್ಡ್ ಆದದ್ದು. ಒಂದನ್ನೇ ಕೇಳುವಷ್ಟು ಪುರುಸೊತ್ತಿದ್ದರೆ ಎರಡನೆಯದನ್ನು ಕೇಳಿ.

ಕಥೆ ಸರಳ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಆರು ಹೆಂಡತಿಯರು ಪಾಪ್ ಗಾಯಕಿಯರಾಗಿ ಬರುತ್ತಾರೆ. ಅವನ ಕೈಯಲ್ಲಿ ಯಾರು ಜಾಸ್ತಿ ಅನುಭವಿಸಿದರು ಅಂತ ಹಾಡಿನಲ್ಲೇ ಪೈಪೋಟಿ. ಟೋಬಿ ಮಾರ್ಲೋ ಮತ್ತು ಲೂಸಿ ಮಾಸ್ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಬರೆದ ನಾಟಕ ಇದು. 2017ರಲ್ಲಿ ಎಡಿನ್‌ಬರೋದಲ್ಲಿ ಮೊದಲು ಆಡಿದರು. ರಂಗದ ಮೇಲೆ ರಾಜನೇ ಇಲ್ಲ. ವಾದ್ಯ ನುಡಿಸುವ ನಾಲ್ವರೂ ಹೆಂಗಸರೇ.

ನನಗೆ ಮುಖ್ಯವಾದದ್ದು ದನಿ. ನನ್ನದು ದಪ್ಪ ದನಿ. ಸುಗಮ ಸಂಗೀತದ ಕ್ಲಾಸಿನಲ್ಲಿ ನನಗೆ ನಿಲುಕದ ಶ್ರುತಿಗೆ ಹಚ್ಚಿ, ‘ಸ್ವಲ್ಪ ಹೆಣ್ಣುಮಕ್ಕಳ ಹಾಗೆ ಹಾಡಮ್ಮ’ ಅನ್ನುತ್ತಿದ್ದರು. ಹಾಗಾಗಿ ಹೆಂಗಸರು ಬೆಲ್ಟ್ ಮಾಡುವುದನ್ನು ಕೇಳಿದರೆ ನನಗೆ ಒಳಗೊಳಗೇ ಖುಷಿ. ಬೆಲ್ಟಿಂಗ್ ಅಂದರೆ, ಬೀದಿಯ ಆ ತುದಿಯವರನ್ನು ಕೂಗಿ ಕರೆಯುವ ದನಿಯನ್ನೇ ತೆಳ್ಳಗೆ ಮಾಡದೆ ಮೇಲಿನ ಸ್ವರಗಳಿಗೆ ಒಯ್ಯುವುದು. ಹಳೆಯ ಬ್ರಾಡ್‌ವೇಯಲ್ಲಿ ಒಳ್ಳೆಯ ಹುಡುಗಿಗೆ ಸೊಪ್ರಾನೋ ಅನ್ನುವ ತೆಳು ಎತ್ತರದ ದನಿ, ಬಾಯಿ ಜೋರಿನವಳಿಗೆ ಬೆಲ್ಟ್ ಅಂತ ಹೆಚ್ಚೂಕಡಿಮೆ ಪಾಲಾಗಿತ್ತು. 1930ರಲ್ಲಿ ಬ್ರಾಡ್‌ವೇ ನಟಿ ಎಥೆಲ್ ಮರ್ಮನ್ ಒಂದೇ ಸ್ವರವನ್ನು ಉದ್ದಕ್ಕೆ ಎಳೆದು ಹಿಡಿದು ಹೆಸರಾದರು. 2003ರ ‘ವಿಕೆಡ್’ ಮ್ಯೂಸಿಕಲ್‌ನಲ್ಲಂತೂ ಬೆಲ್ಟ್ ನಾಯಕಿಯದೇ ದನಿ. ಬಿ. ಜಯಶ್ರೀ ಅವರ ಬಾಯಲ್ಲಿ ರಂಗಗೀತೆ ಕೇಳಿದ ನಮಗೆ ಹೆಂಗಸಿನ ತುಂಬು ದನಿ ಹೊಸದೇನಲ್ಲ ಬಿಡಿ.

ಆದರೆ ‘ಸಿಕ್ಸ್’ನಲ್ಲಿ ಒಬ್ಬರಾದ ಮೇಲೆ ಒಬ್ಬರು ಬೆಲ್ಟ್ ಮಾಡುತ್ತಲೇ ಇರುತ್ತಾರೆ. ಅದೇ ನನ್ನ ತಕರಾರು. ಜೋರಾಗಿ ಹಾಡಿದವಳೇ ಗಟ್ಟಿಗಿತ್ತಿ ಅನ್ನುವುದೂ ಇನ್ನೊಂದು ಕಟ್ಟುಪಾಡೇ ಅಲ್ವಾ? ನಾಲ್ಕನೇ ಹೆಂಡತಿ, ಕ್ಲೀವ್ಸ್‌ನ ಆನಾ ಹಾಡುವ ‘ಗೆಟ್ ಡೌನ್’ ಬಂದಾಗ ಕಿವಿಗೆ ಸ್ವಲ್ಪ ಬಿಡುವು. ಹೆಚ್ಚುಪಾಲು ಮಾತಿನ ಧಾಟಿಯಲ್ಲೇ ಸಾಗುತ್ತದೆ. ಲೈವ್ ಆಲ್ಬಂನಲ್ಲಿ ಅದನ್ನು ಬ್ರಿಟ್ನಿ ಮ್ಯಾಕ್ ಹಾಡುವ ಠೀವಿಯೇ ಬೇರೆ.

ಆಲ್ಬಂನ ಜೀವ ಇರುವುದು ಐದನೇ ಹೆಂಡತಿ ಕ್ಯಾಥರೀನ್ ಹೋವರ್ಡ್‌ಳ ‘ಆಲ್ ಯು ವಾನ ಡು’ನಲ್ಲಿ. 1542ರಲ್ಲಿ ರಾಜ ತಲೆ ಕಡಿಸಿದ ಹುಡುಗಿ ಅವಳು. ಹಾಡಿನಲ್ಲಿ ನಾಲ್ವರು ಗಂಡಸರು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲನೆಯವನು ಸಂಗೀತದ ಮೇಷ್ಟ್ರು, ಹೆನ್ರಿ ಮ್ಯಾನಕ್ಸ್. ಆಮೇಲೆ ಡೆರಮ್, ರಾಜ, ಕಲ್ಪೆಪರ್. ಶುರುವಿನಲ್ಲಿ ದನಿ ಪಾಪ್ ಪೇಟೆಗೆ ಪ್ರಿಯವಾದದ್ದೇ: ಉಸಿರು ಬೆರೆತದ್ದು, ಎಳೆಯದು, ಮುದ್ದುಮುದ್ದಾದದ್ದು. ಕೇಳುವವರೂ ನಗುತ್ತಾ ತಲೆದೂಗುತ್ತಾರೆ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಗಂಡಸು ಬದಲಾದರೂ ನಡೆಯುವುದು ಅದೇ. ಕೊನೆಯ ಸುತ್ತಿನಲ್ಲಿ ಆ ಮುದ್ದು ದನಿ ಹರಿದುಹೋಗುತ್ತದೆ. ಇಷ್ಟು ಹೊತ್ತು ತಾಳ ಹಾಕಿದ ನಮ್ಮ ಬಗ್ಗೆ ನಮಗೇ ಮುಜುಗರ. ಎಳೆ ದನಿ ಇಷ್ಟಪಡುವ ಕಿವಿಯನ್ನೇ ಕಟಕಟೆಗೆ ಎಳೆಯುವ ಹಾಡು ಇದು.

ಸ್ಟುಡಿಯೋದಲ್ಲಿ ಐಮಿ ಆಟ್ಕಿನ್ಸನ್ ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಅಲ್ಲಿನ ನುಣುಪಿನಲ್ಲಿ ನೋವು ಅರ್ಧ ತೊಳೆದುಹೋಗಿದೆ. ಲೈವ್‌ನಲ್ಲಿ ಸಮಾಂತಾ ಪಾಲಿ ಹಾಡುವಾಗ ಎದುರಿಗೆ ಜನ ಇದ್ದಾರೆ ಅನ್ನುವುದೇ ಹಾಡಿನ ಭಾಗವಾಗುತ್ತದೆ. ಆ ಜನ ಬೇರೆ ಕಾದು ಕಾದು ಬಂದವರು. 2020ರ ಮಾರ್ಚ್ 12ರಂದು ಉದ್ಘಾಟನೆ ಆಗಬೇಕಿತ್ತು, ಅದೇ ದಿನ ಕೋವಿಡ್‌ನಿಂದ ಬ್ರಾಡ್‌ವೇ ಬಾಗಿಲು ಹಾಕಿತು. ಕೊನೆಗೆ ಉದ್ಘಾಟನೆ ಆದದ್ದು 2021ರ ಅಕ್ಟೋಬರ್ 3ಕ್ಕೆ. ಹಾಗಾಗಿ ಕೂಗಾಟ ವಿಪರೀತ, ಕೆಲವು ಕಡೆ ಸಾಹಿತ್ಯವೇ ಮುಳುಗುತ್ತದೆ. ಇಂಗ್ಲಿಷ್ ವೇಗವಾಗಿ ಹಿಡಿಯಲು ಆಗದಿದ್ದರೆ ಸಾಹಿತ್ಯ ಎದುರಿಗಿಟ್ಟುಕೊಳ್ಳಿ.

ಎರಡೂ ಸ್ಪಾಟಿಫೈಯಲ್ಲಿವೆ. ಕಾರಿನಲ್ಲಿ ಮಕ್ಕಳಿದ್ದರೆ ಹೋವರ್ಡ್‌ಳ ಹಾಡನ್ನು ಮೊದಲು ನೀವೊಮ್ಮೆ ಕೇಳಿ, ಆಮೇಲೆ ಹಾಕಿ.